ಯಾರ ಮಾತು, ಯಾರ ದುಡ್ಡು: ಚುನಾವಣೆ ಹೊತ್ತಿನಲ್ಲಿ ಮೊಬೈಲ್ ನೋಡುವವರಿಗೊಂದು ಕೈಪಿಡಿ

ಚುನಾವಣೆಯ ಕರಪತ್ರ ಕೈಗೆ ಬಂದರೆ ತಳದಲ್ಲಿ ಒಮ್ಮೆ ಕಣ್ಣಾಡಿಸಿ. ಮುದ್ರಕರು ಯಾರು, ಪ್ರಕಾಶಕರು ಯಾರು ಎಂದು ಸಣ್ಣಕ್ಷರದಲ್ಲಿ ಒಂದು ಸಾಲು ಇರಲೇಬೇಕು. 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ ಅದನ್ನು ಕಡ್ಡಾಯ ಮಾಡಿದೆ. ಹೆಸರು, ವಿಳಾಸ ಇಲ್ಲದೆ ಅಚ್ಚು ಹಾಕಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಕರಪತ್ರದ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಆ ಸಾಲು ಕತ್ತರಿಸಿಹೋಗಿರುತ್ತದೆ. ಹಲವು ಸಲ ಅದು ಮೊದಲಿನಿಂದಲೂ ಇರುವುದೇ ಇಲ್ಲ.

ಸಾಮಾಜಿಕ ಮಾಧ್ಯಮದ ಚುನಾವಣಾ ಪ್ರಚಾರದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ‘ನಿಜವೋ ಸುಳ್ಳೋ ನೋಡಿ’ ಎನ್ನುತ್ತವೆ. ಒಳ್ಳೆಯ ಸಲಹೆಯೇ. ಆದರೆ ಪ್ರಚಾರದಲ್ಲಿ ಬಹುಪಾಲು ಸುಳ್ಳಲ್ಲ. ಅದು ಅರ್ಧ ಹೇಳಿದ ನಿಜ, ಅಣಕ, ಹಾಡು, ಹಳೆಯ ಭಾಷಣದ ತುಣುಕು. ಹಾಡನ್ನು ಸತ್ಯಶೋಧನೆಗೆ ಒಡ್ಡುವುದು ಹೇಗೆ? ‘ಇದನ್ನು ಹೇಳುತ್ತಿರುವವರು ಯಾರು, ಇದಕ್ಕೆ ದುಡ್ಡು ಕೊಟ್ಟವರು ಯಾರು’ ಎಂಬ ಪ್ರಶ್ನೆಯನ್ನಾದರೆ ಎಲ್ಲಕ್ಕೂ ಕೇಳಬಹುದು. ಹಾಗಾಗಿ ಈ ಕೈಪಿಡಿಯಲ್ಲಿ ಅದಕ್ಕೇ ಮೊದಲ ಸ್ಥಾನ. ನಿಜ ಸುಳ್ಳಿನ ಸರದಿ ಆಮೇಲೆ.

ನಮ್ಮಲ್ಲೇ ನಡೆದದ್ದು

2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಇಡೀ ದೇಶಕ್ಕೆ ಪರಿಚಯವಾದದ್ದು ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತಿನಿಂದ. ಅದು ಚುನಾವಣಾ ಭಾಷಣದ ಮಾತೇ ಅಲ್ಲ. ಕೆಲವು ವರ್ಷಗಳ ಹಿಂದೆ, ಈ ಚುನಾವಣೆಯ ಜೆಡಿಎಸ್ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಅವರ ಮೊದಲ ಸಿನಿಮಾದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ತಂದೆ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದದ್ದು. ಸನ್ನಿವೇಶ ಬೇರೆ, ವರ್ಷ ಬೇರೆ. ಆ ತುಣುಕನ್ನು ಹೊರತೆಗೆದು ಚುನಾವಣೆಯ ನಡುವೆ ಬಿಟ್ಟಾಗ ಅದಕ್ಕೆ ಬೇರೆಯೇ ಅರ್ಥ ಬಂತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮೀಮ್‌ನಿಂದಲೇ ಗೆದ್ದರು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಪತಿ ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ, ಬಿಜೆಪಿ ಬೆಂಬಲವಿತ್ತು, ಎದುರಿನ ಕಾಂಗ್ರೆಸ್-ಜೆಡಿಎಸ್ ಮೈತ್ರಿಕೂಟದೊಳಗೆ ಜಗಳವಿತ್ತು. ಆದರೆ ಚುನಾವಣೆಯ ಬಗ್ಗೆ ಜನ ಏನು ಮಾತನಾಡಬೇಕು ಎಂಬುದನ್ನು ಆ ತುಣುಕು ನಿರ್ಧರಿಸಿತು. ಸಾಮಾಜಿಕ ಮಾಧ್ಯಮದ ಪ್ರಭಾವ ಎಂದರೆ ಮುಖ್ಯವಾಗಿ ಇದೇ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿದ್ದ ‘ಪೇಸಿಎಂ’ ಕ್ಯೂಆರ್ ಕೋಡ್ ಪೋಸ್ಟರ್‌ಗಳು ಕಾಣಿಸಿಕೊಂಡವು. ಸ್ಕ್ಯಾನ್ ಮಾಡಿದರೆ 40 ಪರ್ಸೆಂಟ್ ಕಮಿಷನ್ ಆರೋಪದ ಬಗ್ಗೆ ಕಾಂಗ್ರೆಸ್ ತೆರೆದಿದ್ದ ಜಾಲತಾಣ ಬರುತ್ತಿತ್ತು. ಗೋಡೆಯ ಪೋಸ್ಟರನ್ನು ಪಾಲಿಕೆಯವರು ಕಿತ್ತುಹಾಕಬಹುದು, ಮೊಬೈಲಿನಲ್ಲಿ ಹರಿದಾಡುವ ಅದರ ಫೋಟೊವನ್ನು ಕೀಳಲಾಗುವುದಿಲ್ಲ. 2023ರ ಏಪ್ರಿಲ್ 5ರಂದು ಅಮುಲ್ ಸಂಸ್ಥೆ ಬೆಂಗಳೂರಿಗೆ ಹಾಲು ಮೊಸರು ತರುವುದಾಗಿ ಒಂದು ಟ್ವೀಟ್ ಮಾಡಿತು. ಕೆಲವೇ ದಿನಗಳಲ್ಲಿ ‘ನಂದಿನಿ ಉಳಿಸಿ’ ಚುನಾವಣೆಯ ವಿಷಯವಾಗಿತ್ತು. ಮೇ 10ಕ್ಕೆ ಮತದಾನ. ಹಿಂದಾದರೆ ಪ್ರಣಾಳಿಕೆ, ಪತ್ರಿಕಾಗೋಷ್ಠಿ, ಸಭೆ ಎಂದು ತಿಂಗಳುಗಟ್ಟಲೆ ಬೆಳೆಸಬೇಕಾಗಿದ್ದ ವಿಷಯ ಅದು.

ಮೊದಲ ಹೆಜ್ಜೆ: ಮೊಬೈಲಿನ ಬಾಗಿಲು

ಇದು ಐದು ನಿಮಿಷದ ಕೆಲಸ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಗ್ರೂಪ್ಸ್ ಎಂಬಲ್ಲಿಗೆ ಹೋಗಿ, ನಿಮ್ಮನ್ನು ಗುಂಪಿಗೆ ಸೇರಿಸುವ ಅಧಿಕಾರವನ್ನು ‘ಎಲ್ಲರೂ’ ಎಂಬುದರಿಂದ ‘ನನ್ನ ಸಂಪರ್ಕದವರು’ ಎಂಬುದಕ್ಕೆ ಬದಲಿಸಿ. ಈ ಸೌಲಭ್ಯ 2019ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲೇ ಬಂತು. ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ.

‘ನಿಮ್ಮ ಮತಗಟ್ಟೆ ತಿಳಿಯಲು ಈ ಆ್ಯಪ್ ಹಾಕಿಕೊಳ್ಳಿ’, ‘ಪಕ್ಷದ ವತಿಯಿಂದ ಮೂರು ತಿಂಗಳ ಉಚಿತ ರೀಚಾರ್ಜ್’ ಎಂಬಂಥವು ಬಂದರೆ ಒತ್ತಬೇಡಿ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುವ ಫೈಲ್‌ಗಳಂತೂ ಬೇಡವೇ ಬೇಡ. ಇವು ಪ್ರಚಾರವಲ್ಲ, ಪ್ರಚಾರದ ವೇಷ ತೊಟ್ಟ ಕಳ್ಳತನ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆ ಬಾಗಿಲಿಗೆ ಬಂದು ಫೋನ್ ನಂಬರ್, ಜಾತಿ, ಒಲವು ಕೇಳುವವರ ಬಗ್ಗೆಯೂ ಹುಷಾರಾಗಿರಿ. 2022ರ ನವೆಂಬರ್‌ನಲ್ಲಿ ಖಾಸಗಿ ಸಂಸ್ಥೆಯೊಂದರ ಕಡೆಯವರು ಬೂತ್ ಮಟ್ಟದ ಅಧಿಕಾರಿಗಳೆಂದು ಹೇಳಿಕೊಂಡು ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ಎದ್ದು, ತನಿಖೆ ನಡೆದು, ಅಧಿಕಾರಿಗಳ ಅಮಾನತೂ ಆಯಿತು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ವಯಸ್ಸು, ಮನೆ ಸಂಖ್ಯೆ ಇರುತ್ತದೆ. ಫೋನ್ ನಂಬರ್ ಇರುವುದಿಲ್ಲ. ಅದನ್ನು ಜೋಡಿಸಿಕೊಂಡವರಿಗೆ ಬೀದಿಗೊಂದು ವಾಟ್ಸ್‌ಆ್ಯಪ್ ಗುಂಪು ಕಟ್ಟುವುದು ಸುಲಭ.

ಎರಡನೆಯ ಹೆಜ್ಜೆ: ಖಾತೆಯ ಜಾತಕ

ಯಾವುದಾದರೂ ಪುಟ ನಿಮ್ಮ ಕ್ಷೇತ್ರದ ಅಭ್ಯರ್ಥಿಯನ್ನು ಹೊಗಳುತ್ತಿದೆ ಅಥವಾ ಜಾಡಿಸುತ್ತಿದೆ ಎನ್ನಿ. ಹೇಳಿದ್ದನ್ನು ಓದುವ ಮೊದಲು ಆ ಪುಟ ಯಾವಾಗ ಹುಟ್ಟಿತು, ಹಿಂದೆ ಅದರ ಹೆಸರೇನಿತ್ತು ಎಂದು ನೋಡಿ.

ಫೇಸ್‌ಬುಕ್ ಪುಟದ ‘ಅಬೌಟ್’ ವಿಭಾಗದಲ್ಲಿ ಪೇಜ್ ಟ್ರಾನ್ಸ್‌ಪರೆನ್ಸಿ ಎಂಬುದಿದೆ. ಪುಟ ತೆರೆದ ದಿನಾಂಕ, ಹಳೆಯ ಹೆಸರುಗಳು, ಅದನ್ನು ನಡೆಸುವವರು ಯಾವ ದೇಶದಲ್ಲಿದ್ದಾರೆ, ಈಗ ಜಾಹೀರಾತು ಕೊಡುತ್ತಿದ್ದಾರೆಯೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಖಾತೆಯ ಮೇಲ್ತುದಿಯ ಮೂರು ಚುಕ್ಕಿ ಒತ್ತಿದರೆ ‘ಅಬೌಟ್ ದಿಸ್ ಅಕೌಂಟ್’ ಬರುತ್ತದೆ. ಯೂಟ್ಯೂಬ್ ಚಾನೆಲ್‌ಗಳ ವಿವರಣೆಯಲ್ಲಿ ಸೇರಿದ ದಿನಾಂಕ ಇರುತ್ತದೆ. 2025ರ ನವೆಂಬರ್‌ನಿಂದ ಎಕ್ಸ್ ಕೂಡ ಖಾತೆ ಯಾವ ದೇಶದ್ದು ಎಂದು ತೋರಿಸುತ್ತಿದೆ, ಆದರೆ ಇರುವ ಜಾಗವನ್ನು ಮರೆಮಾಚುವ ವಿಪಿಎನ್ ಬಳಸುವವರ ವಿಷಯದಲ್ಲಿ ಅದನ್ನು ಪೂರ್ತಿ ನೆಚ್ಚಬೇಡಿ.

ಕನ್ನಡದ ಟ್ರೋಲ್ ಪೇಜ್‌ಗಳ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಾಡಿಗೆ ಪ್ರಚಾರಕ್ಕೆ ಇವು ಹೇಳಿ ಮಾಡಿಸಿದಂತಿವೆ. ಅಭಿಮಾನಿಗಳ ಹೆಸರಿನಲ್ಲೋ ಊರಿನ ಹೆಸರಿನಲ್ಲೋ ಪುಟ ತೆರೆಯುತ್ತಾರೆ. ಎರಡು ಮೂರು ವರ್ಷ ಸಿನಿಮಾ, ಕ್ರಿಕೆಟ್, ಗಂಡ ಹೆಂಡಿರ ಜಗಳದ ಮೀಮ್ ಹಾಕಿ ಹಿಂಬಾಲಕರನ್ನು ಕೂಡಿಸುತ್ತಾರೆ. ಚುನಾವಣೆ ಬಂದಾಗ ಅದೇ ಪುಟದಲ್ಲಿ ನಾಲ್ಕು ತಮಾಷೆಗೊಂದು ರಾಜಕೀಯ, ಆಮೇಲೆ ಎರಡಕ್ಕೊಂದು. ಅಣಕಿಸಲಾಗುವುದು ಯಾವಾಗಲೂ ಒಬ್ಬರನ್ನೇ. ಒಂದು ಪೋಸ್ಟ್ ನೋಡಿದರೆ ಗೊತ್ತಾಗುವುದಿಲ್ಲ. ಕಳೆದ ಎರಡು ತಿಂಗಳದ್ದನ್ನು ಕೆಳಕ್ಕೆ ಸರಿಸುತ್ತ ಹೋಗಿ. ಎಲ್ಲರನ್ನೂ ಸಮನಾಗಿ ಗೇಲಿ ಮಾಡುವ ಪುಟವಾದರೆ ನಗಿ, ಬಿಡಿ. ಒಬ್ಬರ ಮೇಲೆಯೇ ಕಣ್ಣಿದ್ದರೆ ಅದು ಪ್ರಚಾರ ಸಾಮಗ್ರಿ. ನಗುವುದಕ್ಕೆ ಆಗಲೂ ಅಡ್ಡಿಯಿಲ್ಲ. ಯಾರೋ ನಗಿಸುತ್ತಿದ್ದಾರೆ ಎಂಬುದು ತಿಳಿದಿದ್ದರಾಯಿತು.

ಅಭ್ಯರ್ಥಿಯ ಅಸಲಿ ಖಾತೆ ಯಾವುದು ಎಂದು ತಿಳಿಯುವ ಖಚಿತ ದಾರಿ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದರೆ ನಮೂನೆ 26. ಆಸ್ತಿ ಎಷ್ಟು, ಕೇಸು ಎಷ್ಟು ಎಂದು ಪತ್ರಿಕೆಗಳು ಬರೆಯುವುದು ಅದನ್ನೇ ನೋಡಿ. ಅದರ ಮೊದಲ ಪುಟಗಳಲ್ಲೇ ಅಭ್ಯರ್ಥಿಯ ಇಮೇಲ್ ಮತ್ತು ಸಾಮಾಜಿಕ ಮಾಧ್ಯಮ ಖಾತೆಗಳ ವಿವರವೂ ಇರಬೇಕು. ಚುನಾವಣಾ ಆಯೋಗದ ಅಫಿಡವಿಟ್ ಜಾಲತಾಣದಲ್ಲಿ ಅಥವಾ ಅಭ್ಯರ್ಥಿಗಳ ವಿವರ ನೀಡುವ ಅದರ ಆ್ಯಪ್‌ನಲ್ಲಿ ಸಿಗುತ್ತದೆ. ಅಲ್ಲಿರುವ ಖಾತೆಯಲ್ಲಿ ಬಂದದ್ದು ಅಭ್ಯರ್ಥಿಯ ಮಾತು, ಅದಕ್ಕೆ ಅವರು ಹೊಣೆ. ಅಲ್ಲಿಲ್ಲದ ‘ಅಭಿಮಾನಿ ಬಳಗ’ಗಳು ಹೇಳಿದ್ದಕ್ಕೆ ಮರುದಿನ ಯಾರೂ ಹೊಣೆಗಾರರಾಗುವುದಿಲ್ಲ.

ಮೂರನೆಯ ಹೆಜ್ಜೆ: ದುಡ್ಡಿನ ಜಾಡು

ಬಹಳ ಜನ ಬಳಸದ, ಆದರೆ ಬಲು ಉಪಯುಕ್ತವಾದ ಎರಡು ಕಡತಗಳು ಎಲ್ಲರಿಗೂ ತೆರೆದಿವೆ. ಒಂದು ಮೆಟಾ ಆ್ಯಡ್ ಲೈಬ್ರರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ರಾಜಕೀಯ ಜಾಹೀರಾತುಗಳು ಏಳು ವರ್ಷ ಅಲ್ಲಿ ಉಳಿಯುತ್ತವೆ. ನಿಮಗೆ ಖಾತೆ ಇಲ್ಲದಿದ್ದರೂ ನೋಡಬಹುದು. ಇನ್ನೊಂದು ಗೂಗಲ್‌ನ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್; ಯೂಟ್ಯೂಬ್ ವಿಡಿಯೊಗಳ ನಡುವೆ ನುಗ್ಗುವ ಪ್ರಚಾರ ಇದರಲ್ಲಿರುತ್ತದೆ.

ಮೆಟಾ ಕಡತವನ್ನು ತೆರೆದು ದೇಶ ಭಾರತ ಎಂದೂ, ವಿಭಾಗ ‘ಚುನಾವಣೆ, ರಾಜಕೀಯ’ ಎಂದೂ ಆರಿಸಿಕೊಳ್ಳಿ. ಅಭ್ಯರ್ಥಿಯ ಹೆಸರನ್ನು ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯಲ್ಲೊಮ್ಮೆ ಹುಡುಕಿ. ಎರಡರ ಫಲಿತಾಂಶ ಬೇರೆ ಬೇರೆ. ಕ್ಷೇತ್ರದ ಹೆಸರು, ಪಕ್ಷದ ಘೋಷಣೆ, ಎದುರಾಳಿಯ ಅಡ್ಡಹೆಸರುಗಳನ್ನೂ ಹಾಕಿ ನೋಡಿ. ಅಡ್ಡಹೆಸರಿನಲ್ಲಿ ಹುಡುಕಿದಾಗ ಸಿಗುವುದೇ ಹೆಚ್ಚು ಸ್ವಾರಸ್ಯದ್ದು.

ಸಿಕ್ಕ ಜಾಹೀರಾತಿನಲ್ಲಿ ಮೂರು ಸಂಗತಿ ಓದಿಕೊಳ್ಳಿ. ಹಣ ಕೊಟ್ಟವರ ಹೆಸರು: ಪಕ್ಷವೇ, ಅಭ್ಯರ್ಥಿಯೇ, ಕೇಳರಿಯದ ಸಂಸ್ಥೆಯೇ? ಖರ್ಚಿನ ಅಂದಾಜು: ಇಂತಿಷ್ಟರಿಂದ ಇಂತಿಷ್ಟು ಎಂದು ಮಾತ್ರ ಇರುತ್ತದೆ, ಪೈಸೆ ಲೆಕ್ಕ ಇರುವುದಿಲ್ಲ. ನೋಡಿದವರು ಯಾರು: ಯಾವ ವಯಸ್ಸಿನವರು, ಗಂಡಸರೋ ಹೆಂಗಸರೋ, ಯಾವ ರಾಜ್ಯದವರು. ಮೂರನೆಯದರಲ್ಲಿ ಬಹಳ ತಿಳಿಯುವುದಿದೆ. ಒಂದೇ ಪಕ್ಷ ಹೆಂಗಸರಿಗೆ ಒಂದು ಜಾಹೀರಾತು, ಮೊದಲ ಸಲ ಮತ ಹಾಕುವ ಹುಡುಗರಿಗೆ ಇನ್ನೊಂದು ತೋರಿಸುತ್ತಿರಬಹುದು. ಬಹಿರಂಗ ಸಭೆಯಲ್ಲಿ ನಾಯಕ ಎಲ್ಲರ ಎದುರು ಒಂದೇ ಮಾತು ಹೇಳಬೇಕಾಗಿತ್ತು. ಈಗ ಪಕ್ಕದ ಮನೆಯವರಿಗೆ ಏನು ಹೇಳಿದ್ದಾರೆ ಎಂದು ತಿಳಿಯಲು ಈ ಕಡತವೇ ಗತಿ.

ಇದರ ಹಿಂದಿನ ನಿಯಮವೂ ಗೊತ್ತಿರಲಿ. 2013ರ ಅಕ್ಟೋಬರ್‌ನಲ್ಲಿ ಚುನಾವಣಾ ಆಯೋಗ ಸಾಮಾಜಿಕ ಮಾಧ್ಯಮದ ರಾಜಕೀಯ ಜಾಹೀರಾತುಗಳಿಗೂ ಪೂರ್ವಾನುಮತಿ ಕಡ್ಡಾಯ ಮಾಡಿತು. ಜಿಲ್ಲೆ ಮತ್ತು ರಾಜ್ಯ ಮಟ್ಟದ ಎಂಸಿಎಂಸಿ, ಅಂದರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ, ಈ ಪ್ರಮಾಣಪತ್ರ ಕೊಡುತ್ತದೆ. ಕಂಪನಿಗಳಿಗೆ ಕೊಟ್ಟ ಹಣ, ವಿಡಿಯೊ ಮಾಡಿಸಿದ ವೆಚ್ಚ, ಖಾತೆ ನಡೆಸುವ ಹುಡುಗರ ಸಂಬಳ ಎಲ್ಲವೂ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಸೇರಬೇಕು. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಅನುಮತಿ ಇಲ್ಲದೆ ಬೇರೆಯವರು ಅವರ ಪರ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 176ರ ಪ್ರಕಾರ ಅಪರಾಧ. ಕಾಗದದ ಮೇಲೆ ಬಿಗಿ ನಿಯಮವೇ.

ಸೋರುವುದು ಎಲ್ಲಿ? ಸ್ವಂತ ಖಾತೆಯಲ್ಲಿ ಹಾಕುವ ಅಭಿಪ್ರಾಯ, ಫೋಟೊ, ವಿಡಿಯೊ ಜಾಹೀರಾತಲ್ಲ, ಅದಕ್ಕೆ ಪೂರ್ವಾನುಮತಿ ಬೇಡ. ಇದು ಸರಿಯಾದದ್ದೇ, ನಾಗರಿಕನೊಬ್ಬ ತನ್ನ ಮಾತಿಗೆ ಸಮಿತಿಯ ಮುದ್ರೆ ಒತ್ತಿಸಿಕೊಳ್ಳಬೇಕಾಗಿ ಬರಬಾರದು. ಆದರೆ ಲಕ್ಷಾಂತರ ಹಿಂಬಾಲಕರಿರುವ ರೀಲ್ಸ್ ತಾರೆಯೊಬ್ಬರು ಕೈಬದಲಾದ ಹಣಕ್ಕೆ ‘ನಮ್ಮ ಅಣ್ಣ ತುಂಬಾ ಒಳ್ಳೆಯವರು’ ಎಂದಾಗ ಅದು ಅಭಿಪ್ರಾಯದ ಲೆಕ್ಕಕ್ಕೇ ಹೋಗುತ್ತದೆ. ಆ್ಯಡ್ ಲೈಬ್ರರಿಯಲ್ಲಿ ಅದು ಕಾಣುವುದಿಲ್ಲ. ನೀವು ಮಾಡಬಹುದಾದದ್ದು ಇಷ್ಟು: ಅದೇ ವಾರ ಬೇರೆ ಬೇರೆ ಊರಿನ ಮೂರು ನಾಲ್ಕು ರೀಲ್ಸ್ ತಾರೆಯರು ಅದೇ ವಾಕ್ಯ, ಅದೇ ಹಾಡು, ಅದೇ ಹ್ಯಾಶ್‌ಟ್ಯಾಗ್ ಬಳಸಿದ್ದಾರೆಯೇ ಎಂದು ನೋಡುವುದು. ಒಂದೇ ಭಾವ ನಾಲ್ಕು ಎದೆಗಳಲ್ಲಿ ಒಂದೇ ಗುರುವಾರ ಸಂಜೆ ಉಕ್ಕಿದರೆ ಅನುಮಾನಿಸಲು ನಿಮಗೆ ಹಕ್ಕಿದೆ.

ವಾಟ್ಸ್‌ಆ್ಯಪ್‌ಗೆ ಇಂಥ ಕಡತವೇ ಇಲ್ಲ. ಅಲ್ಲಿ ಸಿಗುವ ಸುಳಿವು ಒಂದೇ, ಎರಡು ಬಾಣದ ಗುರುತು. ಸಂದೇಶ ಮೂಲದಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದು ಅದರ ಅರ್ಥ. ಅಂಥದ್ದನ್ನು 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳುಹಿಸಬಹುದು. ಆದ್ದರಿಂದಲೇ ಈಗ ಚತುರರು ಫಾರ್ವರ್ಡ್ ಮಾಡದೆ ನಕಲು ಮಾಡಿ ಅಂಟಿಸುತ್ತಾರೆ, ಬಾಣ ಮಾಯವಾಗುತ್ತದೆ. ಬಾಣವಿದ್ದರೆ ಎಚ್ಚರವಾಗಿರಿ, ಇಲ್ಲದಿದ್ದರೆ ಕಳುಹಿಸಿದವರೇ ಬರೆದದ್ದು ಎಂದು ನಂಬಲೂ ಬೇಡಿ.

ನಾಲ್ಕನೆಯ ಹೆಜ್ಜೆ: ಈಗ ನಿಜ ಸುಳ್ಳು

ಎಐ ಬಂದ ಮೇಲೆ ಎಲ್ಲರಿಗೂ ಡೀಪ್‌ಫೇಕ್, ಅಂದರೆ ಅಸಲಿಯಂತೆ ತೋರುವ ನಕಲಿ ವಿಡಿಯೊ, ಧ್ವನಿಗಳ ಭಯ. ಭಯಕ್ಕೆ ಕಾರಣವಿದೆ. 2024ರ ಏಪ್ರಿಲ್‌ನಲ್ಲಿ ಆಮಿರ್ ಖಾನ್, ರಣವೀರ್ ಸಿಂಗ್ ಪ್ರಧಾನಿಯನ್ನು ಟೀಕಿಸಿ ಕಾಂಗ್ರೆಸ್ ಪರ ಮಾತನಾಡಿದಂತೆ ತೋರಿಸುವ ನಕಲಿ ವಿಡಿಯೊಗಳು ಹರಿದಾಡಿದವು. ಆದರೆ ಅದೇ ತಿಂಗಳು ಹೆಚ್ಚು ಗದ್ದಲ ಎಬ್ಬಿಸಿದ ಅಮಿತ್ ಶಾ ವಿಡಿಯೊದಲ್ಲಿ ದೊಡ್ಡ ತಂತ್ರಜ್ಞಾನವೇನೂ ಇರಲಿಲ್ಲ. ತೆಲಂಗಾಣದಲ್ಲಿ ಮುಸ್ಲಿಂ ಮೀಸಲಾತಿ ರದ್ದು ಮಾಡುವುದಾಗಿ ಹೇಳಿದ್ದ ಹಳೆಯ ಭಾಷಣವನ್ನು ಕತ್ತರಿಸಿ, ಪರಿಶಿಷ್ಟರ ಮತ್ತು ಹಿಂದುಳಿದವರ ಮೀಸಲಾತಿಯನ್ನೇ ತೆಗೆಯುವುದಾಗಿ ಹೇಳಿದಂತೆ ಜೋಡಿಸಿದ್ದರು. ಕತ್ತರಿ ಇಂದಿಗೂ ಎಐಗಿಂತ ಅಗ್ಗ.

ಹಾಗಾಗಿ ತುಟಿ ಅಲುಗಾಡುವುದನ್ನು, ಕಿವಿಯ ಆಕಾರವನ್ನು ಭೂತಗನ್ನಡಿ ಹಿಡಿದು ನೋಡುವ ಮೊದಲು ಪೂರ್ತಿ ಭಾಷಣ ಹುಡುಕಿ. ಇಂದು ದೊಡ್ಡ ನಾಯಕರ ಪ್ರತಿ ಸಭೆಯೂ ಪಕ್ಷದ ಯೂಟ್ಯೂಬ್ ಚಾನೆಲ್‌ನಲ್ಲಿ ನೇರಪ್ರಸಾರವಾಗುತ್ತದೆ. ತುಣುಕಿನಲ್ಲಿ ವೇದಿಕೆಯ ಬ್ಯಾನರ್, ಶಾಲು, ಹಿಂದೆ ಕುಳಿತವರು, ಎದುರಿನ ಮೈಕುಗಳ ಮೇಲಿನ ಚಾನೆಲ್ ಗುರುತು ನೋಡಿ ಊರು, ದಿನಾಂಕ ಊಹಿಸಿ. ಆ ದಿನದ ವಿಡಿಯೊ ತೆರೆದು, ತುಣುಕಿಗೆ ಮುಂಚಿನ ಎರಡು ನಿಮಿಷ, ನಂತರದ ಎರಡು ನಿಮಿಷ ಕೇಳಿ. ತುಣುಕು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ಕುತಂತ್ರವಿರುತ್ತದೆ. ‘ವಿರೋಧಿಗಳು ಹೀಗೆ ಹೇಳುತ್ತಾರೆ’ ಎಂಬ ಮಾತನ್ನು ಕತ್ತರಿಸಿದರೆ ಉಳಿದದ್ದು ನಾಯಕನದೇ ಹೇಳಿಕೆಯಾಗಿಬಿಡುತ್ತದೆ.

ಫೋಟೊ ಆದರೆ ಗೂಗಲ್ ಲೆನ್ಸ್‌ಗೆ ಕೊಡಿ. ವಿಡಿಯೊ ಆದರೆ ಎರಡು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕೊಡಿ. ನಮ್ಮ ಊರಿನ ಸಭೆಯ ಜನಸಾಗರ ಎಂದು ಬರುವ ಚಿತ್ರ ಎಷ್ಟೋ ಸಲ ಯಾವುದೋ ಜಾತ್ರೆಯದ್ದು, ಬೇರೆ ರಾಜ್ಯದ್ದು.

ಧ್ವನಿ ನಕಲಿಯೇ ಎಂಬ ಪರೀಕ್ಷೆಯಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಹಾಸನದವರು, ಬೆಳಗಾವಿಯವರು, ಮಂಗಳೂರಿನವರು ಮಾತನಾಡುವ ಕನ್ನಡ ಒಂದೇ ಅಲ್ಲ. ಒಬ್ಬ ನಾಯಕರನ್ನು ವರ್ಷಗಟ್ಟಲೆ ಕೇಳಿದವರಿಗೆ ಅವರ ಎಳೆತ, ತಡೆದು ಮಾತನಾಡುವ ರೀತಿ, ಬಾಯಿಗೆ ಬರುವ ಗಾದೆ ಗೊತ್ತಿರುತ್ತದೆ. ಯಂತ್ರದ ಧ್ವನಿ ಹಲವು ಸಲ ಸುದ್ದಿವಾಚಕರ ನಯದಲ್ಲಿ ಓದುತ್ತದೆ, ‘ಳ’ಕಾರದಲ್ಲಿ ಎಡವುತ್ತದೆ, ಸಂಖ್ಯೆಗಳನ್ನು ವಿಚಿತ್ರವಾಗಿ ಉಚ್ಚರಿಸುತ್ತದೆ. ಆದರೆ ಈ ಅನುಕೂಲ ಹೆಚ್ಚು ಕಾಲ ಉಳಿಯುವುದಿಲ್ಲ. ಜೊತೆಗೆ ಎಐ ಧ್ವನಿ ಎಂದಾಕ್ಷಣ ವಂಚನೆ ಎಂದೂ ಅಲ್ಲ: 2024ರಲ್ಲಿ ನರೇಂದ್ರ ಮೋದಿ ಅವರ ಹಿಂದಿ ಭಾಷಣಗಳು ಎಐ ಮೂಲಕ ಕನ್ನಡದಲ್ಲೂ ಬಂದವು, ಬಿಜೆಪಿಯೇ ಅದನ್ನು ಬಹಿರಂಗವಾಗಿ ಮಾಡಿತು. 2025ರ ಅಕ್ಟೋಬರ್‌ನಲ್ಲಿ ಆಯೋಗ ಪಕ್ಷಗಳಿಗೆ ಕೊಟ್ಟ ಸೂಚನೆಯಂತೆ ಎಐ ಚಿತ್ರದ ಮೇಲೆ ಕನಿಷ್ಠ ಶೇ 10ರಷ್ಟು ಜಾಗದಲ್ಲಿ, ಧ್ವನಿಯಾದರೆ ಮೊದಲ ಶೇ 10ರಷ್ಟು ಅವಧಿಯಲ್ಲಿ, ಅದು ಎಐ ಎಂಬ ಗುರುತು ಇರಬೇಕು. ಪಕ್ಷದ ಅಧಿಕೃತ ಖಾತೆಯಲ್ಲಿ ಅದು ಕಾಣದಿದ್ದರೆ ದೂರು ಕೊಡಲು ಅಷ್ಟೇ ಸಾಕು.

ಸತ್ಯಶೋಧಕರಲ್ಲಿ ಯಾರನ್ನು ನೆಚ್ಚಬೇಕು? ನ್ಯೂಸ್‌ಚೆಕರ್‌ನಂಥ ಕೆಲವು ಸಂಸ್ಥೆಗಳು ಕನ್ನಡದಲ್ಲೇ ಬರೆಯುತ್ತವೆ. ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್ ವಾಟ್ಸ್‌ಆ್ಯಪ್ ಮೂಲಕ ಅನುಮಾನದ ಧ್ವನಿ, ವಿಡಿಯೊಗಳನ್ನು ಸ್ವೀಕರಿಸುತ್ತದೆ. ಮತಯಂತ್ರ, ಮತಪಟ್ಟಿಯ ಬಗ್ಗೆ ಬರುವ ಗಾಳಿಸುದ್ದಿಗೆ ಆಯೋಗದ ನಿಲುವು ಏನೆಂದು 2024ರ ಏಪ್ರಿಲ್‌ನಲ್ಲಿ ಅದು ತೆರೆದ ‘ಮಿಥ್ ವರ್ಸಸ್ ರಿಯಾಲಿಟಿ’ ಪುಟದಲ್ಲಿ ನೋಡಬಹುದು. ಪಿಐಬಿ ಫ್ಯಾಕ್ಟ್‌ಚೆಕ್ ಕೇಂದ್ರ ಸರ್ಕಾರದ ವಿಭಾಗ. ಯೋಜನೆಯೊಂದು ಇದೆಯೇ ಇಲ್ಲವೇ ಎಂದು ತಿಳಿಯಲು ಅದು ಸಾಕು. ಚುನಾವಣೆಯಲ್ಲಿ ಸರ್ಕಾರ ನಡೆಸುವ ಪಕ್ಷವೂ ಸ್ಪರ್ಧಿಯೇ ಆದ್ದರಿಂದ ಉಳಿದದ್ದಕ್ಕೆ ಇನ್ನೊಂದು ಮೂಲ ನೋಡಿ. ಈ ಮಾತು ರಾಜ್ಯ ಸರ್ಕಾರದ ಪ್ರಚಾರ ವಿಭಾಗಗಳಿಗೂ ಅನ್ವಯ.

ಐದನೆಯ ಹೆಜ್ಜೆ: ಮನೆಯವರ ಗುಂಪು

ಎಲ್ಲಕ್ಕಿಂತ ಕಷ್ಟದ್ದು ಇದು. ಸುಳ್ಳು ಸುದ್ದಿ ಹಾಕಿದವರು ದೊಡ್ಡಪ್ಪ ಆಗಿರುತ್ತಾರೆ. ಗುಂಪಿನಲ್ಲಿ ಅತ್ತೆ ಮನೆಯವರು, ಅಮೆರಿಕದಲ್ಲಿರುವ ಅಳಿಯ, ಹತ್ತನೆಯ ತರಗತಿಯ ಹುಡುಗ ಎಲ್ಲರೂ ಇದ್ದಾರೆ. ಅಲ್ಲೇ ‘ಇದು ಸುಳ್ಳು’ ಎಂದು ಕೊಂಡಿ ಎಸೆದರೆ ಸುದ್ದಿ ಹಿಂದಕ್ಕೆ ಸರಿದು ಮರ್ಯಾದೆಯ ಪ್ರಶ್ನೆ ಮುಂದೆ ಬರುತ್ತದೆ. ಆಮೇಲೆ ದೊಡ್ಡಪ್ಪ ಆ ಸುದ್ದಿಯನ್ನು ನಂಬದೆ ಇದ್ದರೂ ಸಮರ್ಥಿಸಬೇಕಾಗುತ್ತದೆ.

ಬೇರೆಯಾಗಿ ಒಂದು ಸಂದೇಶ ಕಳುಹಿಸಿ, ಕರೆ ಮಾಡಿದರೆ ಇನ್ನೂ ಒಳ್ಳೆಯದು. ‘ದೊಡ್ಡಪ್ಪ, ಅದು ನಿಮಗೆ ಯಾರಿಂದ ಬಂತು?’ ಎಂದಷ್ಟೇ ಕೇಳಿ. ಹೆಚ್ಚಿನ ಸಲ ಉತ್ತರ ‘ವಾಕಿಂಗ್ ಗುಂಪಿನವರು ಹಾಕಿದ್ದರು’ ಎಂದಿರುತ್ತದೆ. ‘ಅವರಿಗೆ?’ ಎಂದು ಮುಂದುವರಿಸಿ. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರಿಗೇ ಅನುಮಾನ ಬಂದಿರುತ್ತದೆ, ಅಳಿಸುವ ನಿರ್ಧಾರವೂ ಅವರದೇ ಆಗುತ್ತದೆ. ನೀವು ಬೆಂಬಲಿಸುವ ಪಕ್ಷದ ಪರವಾದ ಸುಳ್ಳನ್ನೂ ಒಮ್ಮೆ ಗುಂಪಿನಲ್ಲಿ ತಿದ್ದಿದ್ದರೆ ಈ ಮಾತುಕತೆ ಬಹಳ ಹಗುರವಾಗುತ್ತದೆ. ಅದನ್ನು ಮಾಡಿಲ್ಲದವರ ಸತ್ಯಪ್ರೇಮವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಆರನೆಯ ಹೆಜ್ಜೆ: ದೂರು

ಮೊದಲು ಸಾಕ್ಷ್ಯ. ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪೋಸ್ಟ್‌ನ ಕೊಂಡಿ ನಕಲಿಸಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಾದರೆ ಮೂಲ ಫೈಲ್ ಅಳಿಸಬೇಡಿ. ಖಂಡಿಸುವುದಕ್ಕಾಗಿಯೂ ಅದನ್ನು ಮರುಹಂಚಿಕೆ ಮಾಡಬೇಡಿ.

ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ನಲ್ಲಿ ಎಲ್ಲ ದೂರನ್ನೂ ಕೊಡಬಹುದು ಎಂಬ ತಪ್ಪು ತಿಳಿವಳಿಕೆ ಇದೆ. 2018ರಲ್ಲಿ ಬಂದ ಈ ಆ್ಯಪ್‌ನ ಗುರಿ 100 ನಿಮಿಷದೊಳಗೆ ಕ್ರಮ. ಹಣ, ಹೆಂಡ, ಕುಕ್ಕರ್ ಹಂಚಿಕೆಗೆ ಅದು ಬಹಳ ಒಳ್ಳೆಯದು. ಆದರೆ ಆ್ಯಪ್ ಒಳಗಿನಿಂದಲೇ, ಸ್ಥಳದಲ್ಲೇ ನಿಂತು ತೆಗೆದ ಫೋಟೊ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ಮಾತ್ರ ಅದಕ್ಕೆ ಸಲ್ಲುತ್ತದೆ. ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟ್ ಹಾಕಲು ಬರುವುದಿಲ್ಲ. ಆನ್‌ಲೈನ್ ಪ್ರಚಾರದ ದೂರಿಗೆ ಜಿಲ್ಲೆಯ ಎಂಸಿಎಂಸಿ ಅಥವಾ ಜಿಲ್ಲಾ ಚುನಾವಣಾಧಿಕಾರಿ, ಅಂದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಬರೆಯಬೇಕು. ದಾರಿ ಗೊತ್ತಾಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಆಯೋಗ ತನ್ನ 40ರಷ್ಟು ಆ್ಯಪ್, ಜಾಲತಾಣಗಳನ್ನು ಇಸಿಐನೆಟ್ ಎಂಬ ಒಂದೇ ವೇದಿಕೆಗೆ ತರುವುದಾಗಿ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ್ದರಿಂದ ಹಳೆಯ ಹೆಸರಿನ ಆ್ಯಪ್ ಸಿಗದಿದ್ದರೆ ಇಸಿಐನೆಟ್ ಹುಡುಕಿ. ಜೊತೆಗೆ ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲೇ ಇರುವ ‘ರಿಪೋರ್ಟ್’ ಕೂಡ ಒತ್ತಿ.

ದೂರಿನಲ್ಲಿ ಭಾಷಣ ಬೇಡ. ಯಾವ ಖಾತೆ, ಯಾವ ದಿನ, ಯಾವ ಕೊಂಡಿ, ಯಾವ ನಿಯಮ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ ನ್ಯಾಯ ಸಂಹಿತೆಯ 175. ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ದ್ವೇಷ ಬಿತ್ತಿದರೆ ಜನಪ್ರತಿನಿಧಿ ಕಾಯ್ದೆಯ 125, ಮೂರು ವರ್ಷದವರೆಗೆ ಜೈಲು.

ತಡಮಾಡಬೇಡಿ ಎನ್ನುವುದಕ್ಕೆ ಕಾರಣವಿದೆ. 2024ರ ಮೇ ಮೊದಲ ವಾರದಲ್ಲಿ ಮೀಸಲಾತಿಯ ಬಗ್ಗೆ ರಾಜ್ಯ ಬಿಜೆಪಿ ಖಾತೆ ಹಾಕಿದ್ದ ಅನಿಮೇಷನ್ ವಿಡಿಯೊವನ್ನು ತೆಗೆಯುವಂತೆ ಆಯೋಗ ಎಕ್ಸ್‌ಗೆ ಸೂಚಿಸಿದ್ದು ಮೇ 7ರಂದು. ಕರ್ನಾಟಕದ ಎರಡನೆಯ ಹಂತದ ಮತದಾನ ನಡೆದದ್ದೂ ಅದೇ ದಿನ. ವಿಡಿಯೊ ತನ್ನ ಕೆಲಸ ಮುಗಿಸಿತ್ತು.

ಕೊನೆಯ 48 ಗಂಟೆ

ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಇದು ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 126. ಧ್ವನಿವರ್ಧಕ ನಿಲ್ಲುತ್ತದೆ, ಮೊಬೈಲ್ ನಿಲ್ಲುವುದಿಲ್ಲ. 2019ರ ಮಾರ್ಚ್‌ನಲ್ಲಿ ಸಾಮಾಜಿಕ ಮಾಧ್ಯಮ ಕಂಪನಿಗಳು ಒಪ್ಪಿಕೊಂಡ ಸ್ವಯಂ ಸಂಹಿತೆಯಂತೆ ಈ ಅವಧಿಯ ಉಲ್ಲಂಘನೆಯ ಬಗ್ಗೆ ಆಯೋಗ ತಿಳಿಸಿದರೆ ಮೂರು ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆಯೋಗಕ್ಕೆ ತಿಳಿಯುವುದು ನಿಮ್ಮಿಂದ.

ಈ ಎರಡು ದಿನಗಳ ಸುಳ್ಳು ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಗಳೆಯಲು ಸಮಯವಿರುವುದಿಲ್ಲ. ‘ಅಭ್ಯರ್ಥಿ ಕಣದಿಂದ ಹಿಂದೆ ಸರಿದರು’, ‘ನಮ್ಮ ಸಮುದಾಯದ ಮುಖಂಡರು ಇಂಥವರಿಗೆ ಮತ ಹಾಕಲು ಹೇಳಿದ್ದಾರೆ’, ‘ಮತಗಟ್ಟೆ ಬದಲಾಗಿದೆ’ ಎಂಬ ಮೂರು ಬಗೆಯವು ಪ್ರತಿ ಸಲವೂ ಬರುತ್ತವೆ. ಮೊದಲನೆಯದು ಕಾನೂನಿನಲ್ಲೇ ಆಗದ ಮಾತು: ನಾಮಪತ್ರ ಹಿಂತೆಗೆಯುವ ದಿನ ಮುಗಿದ ಮೇಲೆ ಯಾರು ಏನೇ ಘೋಷಿಸಿದರೂ ಮತಯಂತ್ರದಲ್ಲಿ ಹೆಸರು ಇರುತ್ತದೆ. ಮೂರನೆಯದಕ್ಕೆ ಆಯೋಗದ ಮತದಾರರ ಪಟ್ಟಿ ನೋಡಿದರೆ ಸಾಕು. ಮತ ಹಾಕುವ ಫೋಟೊ ತೆಗೆದು ಸ್ಟೇಟಸ್ ಹಾಕುವ ಆಸೆ ಬಿಡಿ. ಮತದ ಗುಟ್ಟು ಕಾಯುವುದು ನಿಯಮ, ಫೋನನ್ನು ಮತಗಟ್ಟೆಯ ಹೊರಗೇ ಇಡಬೇಕು.

ಪಂಚಾಯಿತಿ, ಪಾಲಿಕೆ ಚುನಾವಣೆಯಾದರೆ

ಇಲ್ಲಿ ಲೆಕ್ಕ ಬೇರೆ. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗವಲ್ಲ, ರಾಜ್ಯ ಚುನಾವಣಾ ಆಯೋಗ. ಮೇಲೆ ಹೇಳಿದ ಆ್ಯಪ್, ಸಮಿತಿಗಳಲ್ಲಿ ಹೆಚ್ಚಿನವು ಲೋಕಸಭೆ, ವಿಧಾನಸಭೆಗೆ ಮಾಡಿದವು; ದೂರು ಕೊಡುವ ಮುನ್ನ ಚುನಾವಣಾಧಿಕಾರಿ ಯಾರೆಂದು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ, ಜಾಹೀರಾತಿನ ಕಡತದಲ್ಲಿ ಸಿಗುವುದೂ ಅಪರೂಪ. ನೂರಾರು ಮತಗಳ ವಾರ್ಡಿನಲ್ಲಿ ಊರಿನ ಒಂದು ವಾಟ್ಸ್‌ಆ್ಯಪ್ ಗುಂಪೇ ಎಲ್ಲ. ಅಂಥ ಗುಂಪಿನ ಅಡ್ಮಿನ್ ನೀವಾಗಿದ್ದರೆ ಚುನಾವಣೆ ಮುಗಿಯುವವರೆಗೆ ಸಂದೇಶ ಹಾಕುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಎಂದು ಮಾಡಬಹುದು, ಆದರೆ ಆಗ ಅಡ್ಮಿನ್‌ಗಳಲ್ಲಿ ಎಲ್ಲ ಬಣದವರೂ ಇರಲಿ. ಇಲ್ಲದಿದ್ದರೆ ಮೌನವೂ ಒಂದು ಬಣದ ಪ್ರಚಾರವಾಗುತ್ತದೆ.

ಫಲಿತಾಂಶ ಬಂದ ಮೇಲೆ

ಗೆದ್ದವರೂ ಸೋತವರೂ ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕಗಳು ಸಾರ್ವಜನಿಕರ ನೋಟಕ್ಕೆ ಸಿಗುತ್ತವೆ. ಪ್ರಚಾರದ ವೇಳೆ ಆ್ಯಡ್ ಲೈಬ್ರರಿಯಲ್ಲಿ ಕಂಡ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಈಗ ಅದನ್ನು ಹೊರತೆಗೆಯಿರಿ. ಅಭ್ಯರ್ಥಿಯ ಲೆಕ್ಕದಲ್ಲಿ ಸಾಮಾಜಿಕ ಮಾಧ್ಯಮದ ಬಾಬ್ತು ಎಷ್ಟಿದೆ, ನಿಮ್ಮ ಹಾಳೆಯಲ್ಲಿ ಎಷ್ಟಿದೆ ಎಂದು ಹೋಲಿಸಿ. ಅಭಿಮಾನಿ ಬಳಗದ ಪುಟ ಕೊಟ್ಟ ಹಣ ಅದರಲ್ಲಿ ಸೇರಿದೆಯೇ? ಸೇರಿಲ್ಲದಿದ್ದರೆ ಜಿಲ್ಲಾ ಚುನಾವಣಾಧಿಕಾರಿಗೆ ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಚುನಾವಣೆಯನ್ನೇ ಪ್ರಶ್ನಿಸುವಷ್ಟು ಗಂಭೀರ ವಿಷಯವಾದರೆ ಹೈಕೋರ್ಟಿಗೆ ಹೋಗಲು ಫಲಿತಾಂಶದ ದಿನದಿಂದ 45 ದಿನ ಮಾತ್ರ ಅವಕಾಶ. ಲೆಕ್ಕ ಸಲ್ಲಿಕೆಗೇ 30 ದಿನ ಹೋಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ವಕೀಲರನ್ನು ಮೊದಲೇ ಕಂಡಿರಿ.